ಹೆಲ್ಸಿಂಕಿಯಲ್ಲಿ ಲೇಡೀಸ್ ಸೀಟು

ಹೊರಡುವ ಮುಂಚೆ

ನಾನು ಫಿನ್ಲೆಂಡಿಗೆ ಹೊರಟಿದ್ದೇನೆಂದು ತಿಳಿದಾಗ ನನ್ನ ಗಂಡ ಇಲಿಯಾಸ್ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ನಗಲು ಶುರು ಮಾಡಿದರು. "ವಹಾಂ ಲೋಗಾಂ ಬಾತಾಂಚ್ ನೈ ಕರ್ತೆ ಕತೆ," ಎಂದರು. ಅಲ್ಲಿಯ ಜನ ಮಾತೇ ಆಡುವುದಿಲ್ಲವಂತೆ, ಅಂಥ ಕಡೆ ನೀನು ಹೇಗೆ ಒಂದು ವಾರ ಕಳೆಯುತ್ತೀ ಎಂಬುದು ಅವರ ಚಿಂತೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಮನುಷ್ಯನಿಗೆ ಫಿನ್ಲೆಂಡಿನ ಸಮಾಚಾರ ಯಾರು ಹೇಳಿದರೋ ಕಾಣೆ. ಆದರೆ ಅವರ ಚಿಂತೆಯಲ್ಲಿ ಸುಳ್ಳಿರಲಿಲ್ಲ. ಮಾತಾಡುವುದೇ ನನ್ನ ಕಸುಬು. ಕಂಟೋನ್ಮೆಂಟಿನ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್. ಫೋನ್ ಮಾಡಿದವರಿಗೆ ಧೈರ್ಯ ಹೇಳಬೇಕು, ವೈರ್‌ಲೆಸ್ಸಿನಲ್ಲಿ ಗಾಡಿಯವರಿಗೆ ದಾರಿ ಹೇಳಬೇಕು, ನಡುವೆ ಆಸ್ಪತ್ರೆಯವರ ಜೊತೆ ಜಗಳವಾಡಬೇಕು. ಫ್ರೇಜರ್ ಟೌನಿನ ಮನೆಗೆ ಬಂದ ಮೇಲೂ ಆ ಗುಂಗು ಇಳಿಯುವುದಿಲ್ಲ.

ನಮ್ಮ ರೂಮಿನಲ್ಲಿ ಒಂದು ಕಾಯ್ದೆಯಿದೆ. ಮಾಡಿದವಳು ನಾನೇ. ವೈರ್‌ಲೆಸ್ಸಿನಲ್ಲಿ ಯಾರೂ ಯಾರನ್ನೂ "ಏಯ್" ಎನ್ನಬಾರದು. ಅಂದವರು ಅಲ್ಲಿದ್ದ ಎಲ್ಲರಿಗೂ ಟೀ ತರಿಸಬೇಕು. ರಸ್ತೆಯಲ್ಲಿ ಆ ಶಬ್ದ ಕೇಳಿ ಕೇಳಿ ನನಗೆ ಸಾಕಾಗಿದೆ. ಆಟೋದವನಿಗೆ ಏಯ್, ತಳ್ಳುಗಾಡಿಯವನಿಗೆ ಏಯ್, ಅಡ್ಡ ಬಂದ ಹೆಂಗಸಿಗೂ ಏಯ್. ನಮ್ಮ ಮೇಲಧಿಕಾರಿ ಸೋಮಶೇಖರ್ ಸಾರ್ ಒಮ್ಮೆ ರೂಮಿಗೆ ಬಂದಾಗ ಬಾಯ್ತಪ್ಪಿ ಅಂದುಬಿಟ್ಟರು. ಕಾಯ್ದೆ ಕೇಳಿ ಮುಖ ಗಂಟಿಕ್ಕಿದರೂ ಟೀ ತರಿಸಿಯೇ ಹೋದರು. ಫಿನ್ಲೆಂಡಿಗೆ ಹೊರಟವರು ನಾವಿಬ್ಬರೇ, ಅವರು ಮತ್ತು ನಾನು.

ಹೊರಟದ್ದು ಯಾಕೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಮೊಬೈಲಿನ ಮಾತು, ಚಿತ್ರ, ವಿಡಿಯೋ ಎಲ್ಲ ಗಾಳಿಯಲ್ಲಿ ಹೋಗುವುದು ತರಂಗಾಂತರ ಎಂಬ ದಾರಿಯಲ್ಲಿ. ಆ ದಾರಿಗೆ ಇಷ್ಟೇ ಅಗಲ ಅಂತ ಇದೆ. ಸರ್ಕಾರ ಅದನ್ನು ಅಳೆದು ಕಂಪನಿಗಳಿಗೆ ಹರಾಜು ಹಾಕುತ್ತದೆ. ನಮ್ಮ ಹಳೆಯ ವೈರ್‌ಲೆಸ್ಸಿಗೆ ಬೇರೆಯೇ ಒಂದು ಸಣ್ಣ ದಾರಿಯುಂಟಾದರೂ ಅದರಲ್ಲಿ ಹೋಗುವುದು ಮಾತು ಮಾತ್ರ. ಗಾಡಿಯಲ್ಲಿ ತೆಗೆದ ರೋಗಿಯ ಇಸಿಜಿ ಆಸ್ಪತ್ರೆಯ ಡಾಕ್ಟರರ ಕಣ್ಣಿಗೆ ಬೀಳಬೇಕೆಂದರೆ ನಾವೂ ಊರವರ ಮೊಬೈಲುಗಳ ಜೊತೆ ಅದೇ ದೊಡ್ಡ ದಾರಿಯಲ್ಲಿ ನುಗ್ಗಬೇಕು. ಶಿವಾಜಿನಗರದಲ್ಲಿ ಹಬ್ಬದ ಜನ ತುಂಬಿದ್ದ ಒಂದು ಸಂಜೆ, ಕುಸಿದುಬಿದ್ದ ಅಜ್ಜಿಯೊಬ್ಬರ ಇಸಿಜಿ ಹೋಗಲೇ ಇಲ್ಲ. ಸುತ್ತ ನಿಂತವರೆಲ್ಲ ಹಬ್ಬದ ವಿಡಿಯೋ ಕಳಿಸುತ್ತಿದ್ದರು, ನಮ್ಮದು ಅವುಗಳ ಹಿಂದೆ ಸಾಲಿನಲ್ಲಿ ನಿಂತಿತ್ತು. ಅಜ್ಜಿ ಉಳಿದುಕೊಂಡರು. ಆದರೆ ಆವತ್ತು ಹೆಡ್‌ಫೋನ್ ಹಿಡಿದು ಗಾಡಿಯವರನ್ನು ಹೋಯ್ತಾ ಹೋಯ್ತಾ ಎಂದು ಕೇಳುತ್ತಲೇ ಇದ್ದದ್ದನ್ನು ನಾನು ಮರೆತಿಲ್ಲ.

ಅಂದಿನಿಂದ ನಾನು ಒಂದೇ ಹಟ ಹಿಡಿದಿದ್ದೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಆಂಬುಲೆನ್ಸ್, ಅಗ್ನಿಶಾಮಕದವರು, ಪೊಲೀಸರು ಇವರಿಗೆ ಆ ದಾರಿಯಲ್ಲಿ ಮೊದಲ ಜಾಗ ಸಿಗುವಂತೆ ಒಂದು ಪ್ರಯೋಗವಾಗಬೇಕು. ಫಿನ್ಲೆಂಡಿನವರು ಇಂಥದ್ದನ್ನು ಮಾಡಿದ್ದಾರೆ, ಬಂದು ನೋಡಿ ಎಂದು ಕರೆದಿದ್ದರು. ಸೋಮಶೇಖರ್ ಸಾರ್ ನೋಡಿ ಬಂದು ಹೂಂ ಎಂದರೆ ಪ್ರಯೋಗ ನಡೆಯುತ್ತದೆ, ಊಹೂಂ ಎಂದರೆ ಅಲ್ಲಿಗೆ ಮುಗಿಯಿತು. ವಿಮಾನದಲ್ಲಿ ಅವರು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಲೇ, "ಎಲ್ಲರ ಹತ್ರಾನೂ ಮೊಬೈಲ್ ಇದೆಯಲ್ಲಮ್ಮಾ ನಸ್ರೀನ್. ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡ್ರೆ ಆಯ್ತು," ಎಂದರು. ನಾನು ನನ್ನ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿಕೊಂಡೆ.

ಹೆಲ್ಸಿಂಕಿಯ ಬಸ್ ಸ್ಟಾಪು

ಏಪ್ರಿಲ್ ಮುಗಿಯುತ್ತ ಬಂದಿದ್ದರೂ ಅಲ್ಲಿ ಮೂಗಿನ ತುದಿ ಮರಗಟ್ಟುವ ಚಳಿ. ಇಳಿದ ಮಾರನೆಯ ದಿನ ಬೆಳಿಗ್ಗೆ ನಾನೂ ಸಾರೂ ಬಸ್ ಸ್ಟಾಪಿಗೆ ಹೋದೆವು. ನಿಂತಿದ್ದವರು ಐದಾರು ಮಂದಿ. ಒಬ್ಬೊಬ್ಬರ ನಡುವೆ ಒಂದು ಕಾರು ನಿಲ್ಲಿಸುವಷ್ಟು ಜಾಗ. ಇವರೆಲ್ಲ ಒಬ್ಬರ ಮೇಲೊಬ್ಬರು ಮುನಿಸಿಕೊಂಡಿದ್ದಾರೆಂದೇ ನಾನು ತಿಳಿದೆ. ಅಭ್ಯಾಸಬಲದಿಂದ ಒಬ್ಬ ಅಜ್ಜಿಯ ಪಕ್ಕ ಹೋಗಿ ನಿಂತು, ಚಳಿ ಜಾಸ್ತಿಯಲ್ಲವಾ ಎಂದು ಇಂಗ್ಲಿಷಿನಲ್ಲಿ ಮಾತಿಗೆಳೆದೆ. ಅಜ್ಜಿ ನಕ್ಕು ಒಂದು ಹೆಜ್ಜೆ ಸರಿದರು. ನಾನು ಒಂದು ಹೆಜ್ಜೆ ಮುಂದೆ ಹೋದೆ. ಅವರು ಮತ್ತೊಂದು ಹೆಜ್ಜೆ ಸರಿದರು. ಹೀಗೆ ನಾವಿಬ್ಬರೂ ಸ್ಟಾಪಿನ ತಂಗುದಾಣ ದಾಟಿ ಫುಟ್‌ಪಾತಿನ ತನಕ ಹೋದ ಮೇಲೆ ಸಾರ್ ಕರೆದರು, "ಪಾಪ, ಆ ಯಮ್ಮನ್ನ ಬಿಟ್ಬಿಡಮ್ಮ."

ಅಲ್ಲಿಯವರು ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುತ್ತಾರೆ. ನನಗೆ ಇದು ಅರಗಿಸಿಕೊಳ್ಳಲಾಗದ ವಿಷಯ. ಶಿವಾಜಿನಗರದಲ್ಲಿ ಒಂದು ಚಾಪೆಯಗಲ ಜಾಗ ಬೆಳಿಗ್ಗೆ ಖಾಲಿ ಕಂಡರೆ ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ಸಮೋಸದ ಬಂಡಿ, ಸಂಜೆಗೆ ಆ ಬಂಡಿಗೊಂದು ತಗಡಿನ ಮಾಡು. ಮಾತಿನಲ್ಲೂ ಅಷ್ಟೇ. ನಾವು ಇನ್ನೊಬ್ಬರ ಮಾತು ಮುಗಿಯುವ ಮುಂಚೆಯೇ ನಮ್ಮದನ್ನು ಶುರು ಮಾಡುತ್ತೇವೆ. ಅವರು ಕೇಳಿದ್ದಕ್ಕೆ ಉತ್ತರ ಹೇಳುವ ಮುಂಚೆ ಸುಮ್ಮನೆ ಇರುತ್ತಾರೆ. ಆ ಸುಮ್ಮನಿರುವಿಕೆಯಲ್ಲಿ ನಾನು ಮೂರು ಪ್ರಶ್ನೆ ಕೇಳಿ, ಅವಕ್ಕೆ ನಾನೇ ಉತ್ತರ ಹೇಳಿಕೊಂಡೂ ಆಗಿರುತ್ತಿತ್ತು.

ಟೀ ವಿಷಯ ಹೇಳದಿರುವುದೇ ಒಳ್ಳೆಯದು. ಬಿಸಿನೀರಿನ ಲೋಟ, ದಾರ ಕಟ್ಟಿದ ಪೊಟ್ಟಣ, ಫ್ರಿಜ್ಜಿನಿಂದ ತೆಗೆದ ಹಾಲು ಮೂರನ್ನೂ ಬೇರೆ ಬೇರೆ ಕೊಟ್ಟು, ನೀನೇ ಏನಾದರೂ ಮಾಡಿಕೋ ಎಂಬಂತೆ ನೋಡುತ್ತಾರೆ. ನಮ್ಮ ಫ್ರೇಜರ್ ಟೌನಿನ ಮಾಸ್ಕ್ ರೋಡಿನ ಟೀ ನೆನೆದು ಕಣ್ಣಲ್ಲಿ ನೀರು ಬಂತು. ಆದರೆ ರೈ ಎಂಬ, ಗೋಧಿಯಂಥ ಧಾನ್ಯದ ಹಿಟ್ಟಿನ ತೆಳು ಹಾಳೆಯಲ್ಲಿ ಅನ್ನದ ಗಂಜಿ ತುಂಬಿ ಸುಡುವ ಒಂದು ತಿಂಡಿಯಿದೆ. ಅದನ್ನು ತಿಂದ ಮೇಲೆ ಆ ದೇಶದ ಮೇಲಿನ ನನ್ನ ಕೋಪ ಅರ್ಧ ಇಳಿಯಿತು.

ಕಂಟ್ರೋಲ್ ರೂಮು

ಅಲ್ಲಿಯ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಸ್ವೆಟರ್ ಹಾಕಿದ ಒಬ್ಬ ಮನುಷ್ಯ ನಿಂತಿದ್ದ. ಸಾರ್ ತಮ್ಮ ಕೋಟು ಬಿಚ್ಚಿ ಅವನ ಕೈಗೆ ಕೊಟ್ಟು ಒಳಗೆ ನಡೆದರು. ಅವನು ಅದನ್ನು ನೀಟಾಗಿ ಮೊಳೆಗೆ ತಗುಲಿಹಾಕಿ, ನಮಗೆ ಕಾಫಿ ಸುರಿದು ಕೊಟ್ಟು, ಆಮೇಲೆ ನಮ್ಮೆದುರು ಕುಳಿತು ಸ್ವಾಗತ ಹೇಳಿದ. ಆ ಕಟ್ಟಡಕ್ಕೆಲ್ಲ ಅವನೇ ಮುಖ್ಯಸ್ಥನಂತೆ. ಸಾರ್ ಕಾಫಿ ಕಪ್ಪಿನೊಳಗೇ ನೋಡುತ್ತ ಬಹಳ ಹೊತ್ತು ಕುಳಿತಿದ್ದರು.

ನಮ್ಮನ್ನು ಕರೆದುಕೊಂಡು ತಿರುಗಾಡುವ ಹೊಣೆ ಪೈವಿ ಎಂಬಾಕೆಯದು. ನನ್ನ ವಯಸ್ಸಿನವರೇ, ನನ್ನಂತೆಯೇ ಶಿಫ್ಟ್ ನೋಡಿಕೊಳ್ಳುವವರು. ಅವರು ಹೌದು ಎನ್ನುವಾಗ ಉಸಿರನ್ನು ಒಳಗೆಳೆದುಕೊಂಡು "ಯೋ" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಉಬ್ಬಸ ಬಂತೆಂದು ಹೆದರಿ ನಾನು ಕುರ್ಚಿ ಎಳೆದು ಕೊಟ್ಟೆ. ಅದು ಅಲ್ಲಿಯವರ ರೂಢಿಯೆಂದು ಆಮೇಲೆ ತಿಳಿಯಿತು. ಪೈವಿ ಕುರ್ಚಿಯಲ್ಲಿ ಕುಳಿತೇ, ಅಳೆದು ತೂಗಿದ ಇಂಗ್ಲಿಷಿನಲ್ಲಿ ತಮ್ಮ ಏರ್ಪಾಡು ವಿವರಿಸಿದರು. ಅವರು ಗಾಳಿಯಲ್ಲಿ ಬೇರೆ ದಾರಿಯನ್ನೇನೂ ಕಟ್ಟಿಕೊಂಡಿಲ್ಲ. ಊರವರ ಮೊಬೈಲು ಓಡಾಡುವ ದಾರಿಯೇ ಇವರಿಗೂ. ಆದರೆ ಜನ ಕಿಕ್ಕಿರಿದಾಗ, ಅಪಾಯದ ಜಾಗದಲ್ಲಿ ಕೆಲಸ ಮಾಡುವವರ ಸಾಧನಗಳಿಗೆ ಉಳಿದವು ತಾವಾಗಿ ಜಾಗ ಬಿಡುತ್ತವೆ.

ನಾನು ಎದ್ದು ನಿಂತೆ. "ಸಾರ್, ಇದು ಲೇಡೀಸ್ ಸೀಟು," ಎಂದೆ.

ಪೈವಿಗೆ ಬಿಡಿಸಿ ಹೇಳಿದೆ. ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಮುಂದಿನ ಸೀಟುಗಳು ಹೆಂಗಸರಿಗೆ. ಹೆಂಗಸರಿಲ್ಲದಾಗ ಗಂಡಸರು ಕೂರಬಹುದು, ಬಂದ ಕೂಡಲೇ ಏಳಬೇಕು. ಏಳುತ್ತಾರಾ ಎಂದು ಪೈವಿ ಕೇಳಿದರು. ಏಳುತ್ತಾರೆ, ಆದರೆ ಕೆಲವರಿಗೆ ಹೆಂಗಸರನ್ನು ಕಂಡ ತಕ್ಷಣ ಗಾಢ ನಿದ್ದೆ ಬಂದುಬಿಡುತ್ತದೆ ಎಂದೆ. ಪೈವಿ ಸುಮ್ಮನೆ ಯೋಚಿಸಿದರು. ನಾನು ನಾಲಿಗೆ ಕಚ್ಚಿ ಹಿಡಿದುಕೊಂಡು ಕಾದೆ.

"ನಮ್ಮಲ್ಲಿ ಸೀಟೇ ಆ ಗಂಡಸನ್ನು ಎಬ್ಬಿಸುತ್ತದೆ," ಎಂದರು ಪೈವಿ.

ಎಷ್ಟು ಖುಷಿಯಾಯಿತೆಂದರೆ ನಾನು ಅವರ ಕೈ ಹಿಡಿದು ಕುಲುಕಿಬಿಟ್ಟೆ. ಈಗಲಾದರೂ ಸಾರ್ ಹೂಂ ಎನ್ನುತ್ತಾರೆಂದು ಅವರ ಕಡೆ ತಿರುಗಿದೆ. ಅವರ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು.

"ಈ ಸಾಲಿನಲ್ಲಿ ಹಿರಿಯ ಅಧಿಕಾರಿಗಳದ್ದು ಎಷ್ಟನೇ ಜಾಗ?" ಎಂದು ಕೇಳಿದರು. "ಉದಾಹರಣೆಗೆ, ನನ್ನಂಥವರದ್ದು?"

"ಆ ಹೊತ್ತಿನಲ್ಲಿ ನೀವು ಆಂಬುಲೆನ್ಸಿನಲ್ಲಿ ಇರುತ್ತೀರಾ?" ಎಂದರು ಪೈವಿ.

"ಇಲ್ಲ, ಆಫೀಸಿನಲ್ಲಿ."

ಪೈವಿ ಪಕ್ಕದವರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಅವರೂ ತಲೆಯಾಡಿಸಿದರು. ಆಮೇಲೆ ಪೈವಿ ಸಾರ್ ಮುಖ ನೋಡಿ, ಮೆಲ್ಲಗೆ, "ಏಯ್," ಎಂದರು.

ಸಾರ್ ಕಿವಿ ಕೆಂಪಗಾದವು. ಉಳಿದ ಹೊತ್ತೆಲ್ಲ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊರಗೆ ಬಂದ ಮೇಲೆ, "ಕೇಳಿಸ್ಕೊಂಡ್ಯಾ? ಅಷ್ಟು ಜನರ ಮುಂದೆ ನನಗೆ ಏಯ್ ಅಂದ್ಳು," ಎಂದರು. ಕಾಯ್ದೆ ಮಾಡಿದವಳು ನಾನೇ, ಆದರೆ ಈ ಊರಿನಲ್ಲಿ ಟೀ ಯಾರಿಂದ ತರಿಸುವುದು?

ದ್ವೀಪದಲ್ಲಿ

ಮೂರನೆಯ ದಿನ ನಮ್ಮನ್ನು ದೋಣಿಯಲ್ಲಿ ಒಂದು ದ್ವೀಪಕ್ಕೆ ಕರೆದೊಯ್ದರು. ಹೆಲ್ಸಿಂಕಿಯ ಸುತ್ತ ಇಂಥ ದ್ವೀಪಗಳು ಹಲಸೂರು ಕೆರೆಯ ನಡುಗಡ್ಡೆಗಳ ಹಾಗೆ ತೇಲಿಕೊಂಡಿವೆ, ಅಷ್ಟೇ ಮುದ್ದಾಗಿವೆ. ಅಲ್ಲಿ ಅವತ್ತು ಒಂದು ಅಣಕು ಕಾರ್ಯಾಚರಣೆ. ಕಾಡಿನಲ್ಲಿ ಬಿದ್ದ ರೋಗಿಯ ಬದಲಿಗೆ ಒಂದು ಬೊಂಬೆ. ಆಂಬುಲೆನ್ಸಿನ ಮಿಕ್ಕೋ ಎಂಬಾತ ಅದನ್ನು ದ್ವೀಪದ ಆಚೆ ಬದಿಯ ದಡಕ್ಕೆ ತರಬೇಕು, ತಂದಾಗ ನಾನು ದೋಣಿ ಕಳಿಸಬೇಕು. ನನ್ನನ್ನು ಪೈವಿಯ ಪಕ್ಕ ಕೂರಿಸಿ ತಲೆಗೆ ಹೆಡ್‌ಫೋನ್ ಹಾಕಿದರು. ನಮಗಾಗಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡುವುದೆಂದು ಒಪ್ಪಂದವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ, ರೋಗಿ ದಡಕ್ಕೆ ಬಂದಾಯಿತೇ ಎಂದು.

"ಏಯ್," ಎಂದ ಮಿಕ್ಕೋ.

ಕರೆಯುತ್ತಿದ್ದಾನೆ ಎಂದುಕೊಂಡೆ. ಸಿಟ್ಟು ಬಂತಾದರೂ ನುಂಗಿಕೊಂಡು, ಹೇಳಿ ಎಂದೆ. ಆ ಕಡೆಯಿಂದ ಸದ್ದಿಲ್ಲ. ದೋಣಿ ಕಳಿಸಲೇ ಎಂದೆ. "ಏಯ್, ಏಯ್," ಎಂದ ಮತ್ತೆ.

"ಏಯ್ ಗೀಯ್ ಅಂದ್ರೆ ಸರಿ ಇರಲ್ಲ ನೋಡಿ," ಎಂದು ನಾನು ಕನ್ನಡದಲ್ಲೇ ಗದರಿಸಿದೆ. ಮಿಕ್ಕೋ ಪೂರ್ತಿ ಸುಮ್ಮನಾದ. ನಮ್ಮ ಕಡೆ ಸುಮ್ಮನಾದರೆ ಒಪ್ಪಿದ ಹಾಗೆ. ದೋಣಿ ಹೊರಡಲಿ ಎಂದುಬಿಟ್ಟೆ. ದೋಣಿ ಹೋಯಿತು. ದಡದಲ್ಲಿ ಯಾರೂ ಇರಲಿಲ್ಲ. ದೋಣಿಯವರು ಫ್ಲಾಸ್ಕ್ ತೆಗೆದು ಕಾಫಿ ಕುಡಿದರಂತೆ. ಬೊಂಬೆ ಇನ್ನೂ ಕಾಡಿನಲ್ಲೇ ಮಲಗಿತ್ತು.

ಪೈವಿ ನನ್ನ ಹೆಡ್‌ಫೋನ್ ಮೆಲ್ಲಗೆ ತೆಗೆದು ಕೇಳಿದರು, ಅವನು ಬೇಡ ಎಂದರೂ ಯಾಕೆ ಕಳಿಸಿದಿರಿ ಎಂದು. ಎಲ್ಲಿ ಬೇಡ ಎಂದ, ನನ್ನನ್ನು ಏಯ್ ಎಂದು ಕರೆದನಲ್ಲ ಎಂದೆ. ಆಮೇಲೆ ಗೊತ್ತಾಯಿತು. ಅವರ ಭಾಷೆಯಲ್ಲಿ ಏಯ್ ಎಂದರೆ ಇಲ್ಲ, ಬೇಡ, ಆಗುವುದಿಲ್ಲ. ಅವಸರದಲ್ಲಿ ಮಿಕ್ಕೋನ ಇಂಗ್ಲಿಷ್ ಕೈಕೊಟ್ಟು ತಾಯಿಭಾಷೆ ಬಾಯಿಗೆ ಬಂದಿತ್ತು. ನಮ್ಮ ಬೀದಿಯಲ್ಲಿ ಆ ಶಬ್ದಕ್ಕೆ ಏನರ್ಥ ಎಂದು ನಾನು ಹೇಳಿದೆ. ಪೈವಿ ನಕ್ಕ ರೀತಿ ನೋಡಬೇಕಿತ್ತು. ಸದ್ದೇ ಇಲ್ಲ, ಕಣ್ಣಲ್ಲಿ ನೀರು ಮಾತ್ರ. ಕಾಡಿನಿಂದ ಬೊಂಬೆ ಹೊತ್ತು ಬಂದ ಮಿಕ್ಕೋಗೆ ವಿಷಯ ತಿಳಿಸಿದಾಗ ಆ ಆರಡಿ ಮನುಷ್ಯ ನಾಚಿಕೊಂಡು ನನ್ನ ಕ್ಷಮೆ ಕೇಳಿದ. ಕ್ಷಮೆ ಕೇಳಬೇಕಾದವಳು ನಾನು, ಕೇಳಿದೆ ಕೂಡ.

ಗಾಳಿಗೆ ಮರೆಯಾಗಿ ಬಂಡೆಯ ಹಿಂದೆ ಕುಳಿತಿದ್ದ ಸಾರ್ ಬಳಿಗೆ ಓಡಿದೆ. "ಸಾರ್, ಅವತ್ತು ಪೈವಿ ನಿಮಗೆ ಏಯ್ ಅನ್ಲಿಲ್ಲ. ಇಲ್ಲ ಅಂದ್ರು ಅಷ್ಟೇ. ಅವರ ಭಾಷೇಲಿ ಏಯ್ ಅಂದ್ರೆ ಇಲ್ಲ, ಬೇಡ ಅಂತ."

ಸಾರ್ ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. "ಅದರಲ್ಲೇನು ಬಂತು? ಇಲ್ಲ ಅಂತಾದ್ರೂ ನನಗೇ ತಾನೇ ಅಂದಿದ್ದು?" ಎಂದರು. ಅದರ ತುದಿಯನ್ನು ಕೋಟಿನೊಳಗೆ ತುರುಕುತ್ತ ಮುಂದುವರಿಸಿದರು. "ಮೂವತ್ತು ವರ್ಷ ಸರ್ವೀಸ್ ಮಾಡಿದೀನಿ ನಸ್ರೀನ್. ಸೀಟು ಬಿಟ್ಟು ಏಳು ಅನ್ನೋ ಮೆಷೀನನ್ನ ನಾನೇ ಹೋಗಿ ತರ್ಬೇಕಾ?"

ನನಗೆ ಬೇಸರವಾಯಿತು. ಅವರ ಮೇಲೆ ಸಿಟ್ಟು ಬರಲಿಲ್ಲ, ಅದೇ ವಿಚಿತ್ರ. ಊರಿನಲ್ಲಿ ಜೀವನ್ ಬಿಮಾ ನಗರದ ಮನೆಯಿಂದ ಆಫೀಸಿಗೆ ಬರುವಾಗ ಅವರ ಕಾರಿಗೆ ಎಲ್ಲರೂ ದಾರಿ ಬಿಟ್ಟೇ ಅಭ್ಯಾಸ. ಇಲ್ಲಿ ಕೋಟು ತೆಗೆದುಕೊಂಡ ಕೈಯೇ ಮುಖ್ಯಸ್ಥನದ್ದಾಗಿಬಿಟ್ಟಿತ್ತು. ಅಷ್ಟಾದರೂ ಹಬ್ಬದ ಸಂಜೆಯ ಆ ಅಜ್ಜಿ ನೆನಪಾಗಿ, ದೋಣಿಯಲ್ಲಿ ಮರಳುವಾಗ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಇಲಿಯಾಸ್ ನೋಡಿದ್ದರೆ ನಂಬುತ್ತಿರಲಿಲ್ಲ.

ಬಿಳಿ ಟೋಪಿಯ ಸಂಜೆ

ನಾವು ಹೊರಡುವ ಹಿಂದಿನ ದಿನ ಮೇ ದಿನದ ಹಿಂದಿನ ಸಂಜೆಯಾಗಿತ್ತು. ಅವತ್ತು ಆ ಊರಿಗೆ ಏನೋ ಆಗಿಬಿಡುತ್ತದೆ. ವರ್ಷವಿಡೀ ಕೂಡಿಟ್ಟ ಮಾತನ್ನೆಲ್ಲ ಒಂದೇ ಸಂಜೆ ಖರ್ಚು ಮಾಡುತ್ತಾರೆ. ಮುದುಕರು, ಹುಡುಗಿಯರು, ಅಂಗಡಿಯವರು ಎಲ್ಲರ ತಲೆಯ ಮೇಲೂ ಒಂದೇ ಬಗೆಯ ಬಿಳಿ ಟೋಪಿ, ಶಾಲೆಯ ಓದು ಮುಗಿಸಿದಾಗ ಹಾಕಿಕೊಂಡದ್ದಂತೆ. ಬಂದರಿನ ಹತ್ತಿರದ ಚೌಕದಲ್ಲಿ ಕಾರಂಜಿಯ ನಡುವೆ ಒಂದು ಹೆಣ್ಣಿನ ವಿಗ್ರಹವಿದೆ. ಅದರ ತಲೆಗೂ ಒಂದು ಟೋಪಿ ಹಾಕುತ್ತಾರೆ, ಅದನ್ನು ನೋಡಲು ಊರಿಗೆ ಊರೇ ಬರುತ್ತದೆ. ಮಿಕ್ಕೋನ ಆಂಬುಲೆನ್ಸ್ ಚೌಕದ ಅಂಚಿನಲ್ಲಿ ಕಾವಲು ನಿಲ್ಲುವುದಿತ್ತು. ಬಂದು ನೋಡಿ ಎಂದು ಅವನೇ ಕರೆದಿದ್ದ. ಸಾರ್ ಒಲ್ಲದ ಮನಸ್ಸಿನಿಂದ ಹೊರಟರು.

ಬಸ್ ಸ್ಟಾಪಿನಲ್ಲಿ ನನ್ನಿಂದ ದೂರ ಸರಿದ ಜನ ಇವರೇನಾ ಅನ್ನಿಸಿತು. ಭುಜಕ್ಕೆ ಭುಜ ತಾಗಿಸಿ ನಿಂತು ಹಾಡುತ್ತಿದ್ದರು. ಒಬ್ಬಾಕೆ ತಾನಾಗಿ ನನ್ನ ಕೈಗೊಂದು ತಿಂಡಿ ಇಟ್ಟಳು. ನೋಡಲು ಥೇಟ್ ಜಿಲೇಬಿ, ಪಾಕದ ಬದಲು ಮೇಲೆ ಸಕ್ಕರೆ ಪುಡಿ. ನಮ್ಮೂರಿನ ಲೆಕ್ಕದಲ್ಲಿ ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತು ಎಂದು ಗಡಿಯಾರ ಹೇಳುತ್ತಿತ್ತು, ಇಲ್ಲಿಯ ಸೂರ್ಯ ಮಾತ್ರ ಇನ್ನೂ ಮೇಲೆಯೇ ಇದ್ದ. ಶಿವಾಜಿನಗರದ ಹಬ್ಬದ ನಡುವೆ ನಿಂತ ಹಾಗಿತ್ತು. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನಗೆ ಮನೆಯಲ್ಲಿರುವಂತೆ ಅನ್ನಿಸಿತು.

ಜಿಲೇಬಿಯ ಫೋಟೋ ತೆಗೆದು ಇಲಿಯಾಸ್‌ಗೆ ಕಳಿಸಿದೆ. ಹೋಗಲಿಲ್ಲ. ಪರದೆಯ ಮೇಲೆ ಬಿಲ್ಲೆಯೊಂದು ತಿರುಗುತ್ತಲೇ ಇತ್ತು. ಸಾರ್ ಕೂಡ ಹೆಂಡತಿ ವಸುಧಾ ಮೇಡಮ್ಮಿಗೆ ವಿಡಿಯೋ ಕಾಲ್ ಮಾಡಲು ಹೆಣಗುತ್ತಿದ್ದರು. "ಸಿಗ್ನಲ್ಲೇ ಇಲ್ವಲ್ಲಮ್ಮ," ಎನ್ನುತ್ತ ಫೋನನ್ನು ತಲೆಯ ಮೇಲೆತ್ತಿದರು. ಅಲ್ಲೂ ಸಿಗದೆ, ಕಾರಂಜಿಯ ಪಕ್ಕದ ಕಲ್ಲುಕಟ್ಟೆ ಹತ್ತಿದರು. ಕಟ್ಟೆ ನೀರು ಬಿದ್ದು ಒದ್ದೆಯಾಗಿತ್ತು. ನಾನು ಹುಷಾರು ಎನ್ನುವಷ್ಟರಲ್ಲಿ ಕಾಲು ಜಾರಿ, ಎಡಗೈ ಕೆಳಗೆ ಸಿಕ್ಕಿಕೊಂಡು ಬಿದ್ದರು.

ಎಬ್ಬಿಸಲು ಹೋದರೆ ಮುಖದಲ್ಲಿ ರಕ್ತವೇ ಇಲ್ಲ. ಅಷ್ಟು ಚಳಿಯಲ್ಲೂ ಹಣೆ ಬೆವೆತಿತ್ತು. "ಕೈ ಹೋಯ್ತಮ್ಮ," ಎಂದರು. ಆಮೇಲೆ ದನಿ ತಗ್ಗಿಸಿ, "ಎದೇಲೂ ಏನೋ ಹಿಡ್ದಂಗೆ ಆಗ್ತಿದೆ," ಎಂದರು. ಹಿಂದಿನ ವರ್ಷವಷ್ಟೇ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಹೊರಡುವಾಗ ವಸುಧಾ ಮೇಡಂ ಮಾತ್ರೆಯ ಡಬ್ಬಿಯನ್ನು ಅವರಿಗೆ ಕೊಡದೆ ನನ್ನ ಕೈಗೇ ಕೊಟ್ಟಿದ್ದರು.

ಜನರನ್ನು ತಳ್ಳಿಕೊಂಡು ಮಿಕ್ಕೋನ ಗಾಡಿಯ ಕಡೆ ಓಡಿದೆ. ಅವನು ಚೀಲ ಹೊತ್ತು ನನ್ನ ಹಿಂದೆಯೇ ಓಡಿ ಬಂದ. ಸಾರ್ ಏಳಲು ನೋಡುತ್ತಿದ್ದರು. ಮಿಕ್ಕೋ ಅವರ ಭುಜದ ಮೇಲೆ ಕೈಯಿಟ್ಟು, "ಏಯ್, ಏಯ್," ಎಂದ.

ಆ ನೋವಿನಲ್ಲೂ ಸಾರ್ ಹುಬ್ಬು ಗಂಟಿಕ್ಕಿದರು.

"ಬೇಡ ಅಂತಿದಾರೆ ಸಾರ್. ಏಳ್ಬೇಡಿ," ಎಂದೆ.

ಗಾಡಿಯೊಳಗೆ ಮಲಗಿಸಿ ಎದೆಗೆ ವೈರುಗಳನ್ನು ಅಂಟಿಸಿದರು. ಮಿಕ್ಕೋನ ಕೈಯಲ್ಲಿ ಒಂದು ಸಣ್ಣ ಪರದೆ. ಅದರ ಮೇಲೆ ಸಾರ್ ಹೃದಯದ ಗೆರೆ ಏರಿಳಿಯುತ್ತ ಓಡಿತು. ಕೂಡಲೇ ಒಂದು ಮೂಲೆಯಲ್ಲಿ ಆಸ್ಪತ್ರೆಯ ಡಾಕ್ಟರಮ್ಮನ ಮುಖ ಕಂಡಿತು. ಅವರು ಅಲ್ಲಿಂದಲೇ ಅದೇ ಗೆರೆ ನೋಡುತ್ತಿದ್ದರು. ಹೊರಗೆ ಅಷ್ಟೊಂದು ಜನ ಫೋನ್ ಎತ್ತಿಹಿಡಿದು ನಿಂತಿದ್ದರು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಇಲಿಯಾಸ್‌ಗೆ ಕಳಿಸಿದ ಜಿಲೇಬಿ ಇನ್ನೂ ತಿರುಗುತ್ತಲೇ ಇತ್ತು. ತಿರುಗಲಿ ಅಂದುಕೊಂಡೆ. ನನ್ನ ಜಿಲೇಬಿ ಸೀಟು ಬಿಟ್ಟು ಎದ್ದು ನಿಂತದ್ದಕ್ಕೇ ಸಾರ್ ಎದೆಯ ಗೆರೆಗೆ ಕೂರಲು ಜಾಗ ಸಿಕ್ಕಿತ್ತು. ಅಳು ಬಂತು, ತಡೆಯಲು ಹೋಗಲಿಲ್ಲ.

ಡಾಕ್ಟರಮ್ಮ ಏನೋ ಹೇಳಿದರು. ಮಿಕ್ಕೋ ಉಸಿರು ಒಳಗೆಳೆದು "ಯೋ" ಎಂದು, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ನಾನು ಸಾರ್ ಕಿವಿಯ ಬಳಿ ಬಾಗಿದೆ.

"ಹೃದಯ ಚೆನ್ನಾಗಿದೆಯಂತೆ ಸಾರ್. ಕೈ ಮೂಳೆ ಮುರಿದಂಗಿದೆ. ಎದೆ ಹಿಡ್ಕೊಂಡಿದ್ದು ಗಾಬರಿಗೆ ಅಂತೆ. ಆದ್ರೂ ಆಸ್ಪತ್ರೆಗೆ ಹೋಗಿ ಇನ್ನೊಂದ್ಸಲ ನೋಡ್ತಾರಂತೆ."

ಸಾರ್ ತಲೆ ಹೊರಳಿಸಿ ಆ ಸಣ್ಣ ಪರದೆಯನ್ನು ನೋಡಿದರು, ನನ್ನ ಫೋನನ್ನೂ ನೋಡಿದರು.

"ಈಗ ನಾನು ಎಷ್ಟನೇ ನಂಬರು?" ಎಂದು ಕೇಳಿದರು.

"ಒಂದನೇ ನಂಬರು ಸಾರ್. ಆಂಬುಲೆನ್ಸಲ್ಲಿದ್ದೀರಲ್ಲ."

ಗಾಡಿ ಚೌಕ ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ನನ್ನ ಫೋನು ಟಿಣ್ ಎಂದಿತು. ಜಿಲೇಬಿ ಹೋಗಿತ್ತು. ಇಲಿಯಾಸ್ ಉತ್ತರವೂ ಬಂತು, ಪಾಕ ಎಲ್ಲಿ ಎಂದು.

ಮತ್ತೆ ಕಂಟೋನ್ಮೆಂಟ್

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಮಾಸ್ಕ್ ರೋಡಿನಲ್ಲಿ ನಿಂತು ಟೀ ಕುಡಿದದ್ದು. ಸುತ್ತ ಹಾರ್ನು, ಬೈಗುಳ, ಮಾತಿನ ಮೇಲೆ ಮಾತು. ಯಾರೋ ಹಿಂದಿನಿಂದ ಏಯ್ ಎಂದರು. ಏನು ಬೇಡವಂತೆ ಇವನಿಗೆ ಎಂದು ತಿರುಗಿ ನೋಡಿ ನನಗೇ ನಗು ಬಂತು.

ಸಾರ್ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಅದನ್ನು ಕೊರಳಿಗೆ ತೂಗುಹಾಕಿಕೊಂಡೇ ಆಫೀಸಿಗೆ ಬಂದರು. ಬಿದ್ದ ಕತೆಯನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಕಟ್ಟೆ ಹತ್ತಿದ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಿದ್ದರು. ನಾನೂ ನೆನಪಿಸಲು ಹೋಗಲಿಲ್ಲ. ಪ್ರಯೋಗದ ವಿಷಯವನ್ನು ಅವರು ಎತ್ತಲಿಲ್ಲ, ಅದನ್ನು ತೀರ್ಮಾನಿಸುವ ಸಭೆಯ ದಿನ ಬರುವವರೆಗೂ ನಾನು ಏನಾದರೊಂದು ನೆಪ ಮಾಡಿಕೊಂಡು ಅವರ ರೂಮಿಗೆ ಹೋಗಿ ಬರುತ್ತಿದ್ದೆ.

ಸಭೆಗೆ ನಾಲ್ಕೈದು ಇಲಾಖೆಗಳ ದೊಡ್ಡವರು ಬಂದಿದ್ದರು. ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದೆ. ಸಾರ್ ಎದ್ದು ನಿಂತು, ಪೀಠಿಕೆ ಹಾಕದೆ, "ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಈ ಪ್ರಯೋಗ ಮಾಡೋಣ. ನಾನು ಮಾಡಿಸ್ತೀನಿ," ಎಂದರು. ಆಮೇಲೆ ಲೇಡೀಸ್ ಸೀಟಿನ ಉದಾಹರಣೆ ಕೊಟ್ಟರು, ತಾವೇ ಕಂಡುಹಿಡಿದವರ ಹಾಗೆ. ಕೊಡಲಿ ಬಿಡಿ ಎಂದುಕೊಂಡೆ. ಅಷ್ಟು ಸಂತೋಷವಾಗಿತ್ತು ನನಗೆ.

ಆಗ ಎದುರು ಕುಳಿತಿದ್ದ ಹಿರಿಯ ಅಧಿಕಾರಿಯೊಬ್ಬರು ಗಂಟಲು ಸರಿಮಾಡಿಕೊಂಡರು. "ಒಳ್ಳೆ ಯೋಜನೆ ಸೋಮಶೇಖರ್. ಒಂದು ಸಣ್ಣ ಸೇರ್ಪಡೆ. ಆಂಬುಲೆನ್ಸ್ ಜೊತೆಗೆ ನಮ್ಮ ನಮ್ಮ ಇಲಾಖೆ ಮುಖ್ಯಸ್ಥರ ಫೋನುಗಳನ್ನೂ ಮೊದಲ ಸಾಲಿಗೆ ಹಾಕ್ಬಿಡಿ. ಶಾಸಕರದ್ದು ಹಾಕ್ಲೇಬೇಕು. ಹಂಗೇ ಅವರ ಪಿ.ಎ.ಗಳದ್ದೂ," ಎಂದರು. ಸುತ್ತ ತಲೆಗಳು ಅಲ್ಲಾಡಿದವು. ಮತ್ತೊಬ್ಬರು ತಮ್ಮ ಡ್ರೈವರಿನ ಫೋನನ್ನೂ ಸೇರಿಸಿದರು. ನನ್ನ ಕಣ್ಣ ಮುಂದೆ ಮುಂದಿನ ಸೀಟುಗಳೆಲ್ಲ ಒಂದೊಂದಾಗಿ ತುಂಬಿ, ಹಬ್ಬದ ಸಂಜೆಯ ಆ ಅಜ್ಜಿ ಕಂಬಿ ಹಿಡಿದು ನಿಂತಂತಾಯಿತು.

ಸೋಮಶೇಖರ್ ಸಾರ್ ತಕ್ಷಣ ಉತ್ತರ ಕೊಡಲಿಲ್ಲ. ಪೈವಿ ಸುಮ್ಮನಿರುತ್ತಿದ್ದಷ್ಟೇ ಹೊತ್ತು ಸುಮ್ಮನೆ ನಿಂತರು. ಆಮೇಲೆ ಆ ಅಧಿಕಾರಿಯ ಮುಖ ನೋಡಿ, ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದರು.

"ಏಯ್."

ಆ ಅಧಿಕಾರಿ ಬಾಯಿ ತೆರೆದವರು ತೆರೆದೇ ಉಳಿದರು. ಡ್ರೈವರಿನ ಫೋನು ಹೇಳಿದವರು ಪೆನ್ನಿನ ಮುಚ್ಚಳ ಹಾಕಿದರು. ಮತ್ತೆ ಯಾರೂ ಆ ಸಾಲಿಗೆ ಒಂದು ಹೆಸರನ್ನೂ ಸೇರಿಸಲಿಲ್ಲ. ಸಾರ್ ಬಿಟ್ಟರೆ ಅದರ ಫಿನ್ಲೆಂಡಿನ ಅರ್ಥ ಬಲ್ಲವಳು ಅಲ್ಲಿ ನಾನೊಬ್ಬಳೇ. ಹೇಳಿಬಿಡೋಣ ಎಂದು ನಾಲಿಗೆ ತುರಿಸಿತು, ಆದರೆ ಯಾಕೋ ಬೇಡವೆನ್ನಿಸಿತು. ಎರಡು ಭಾಷೆಯಲ್ಲೂ ಅದು ಸರಿಯಾಗಿಯೇ ಇತ್ತು.

ಸಾರ್ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಬಾಗಿಲ ಬಳಿ ಇದ್ದವರನ್ನು ಕರೆದು, ಅಲ್ಲಿದ್ದ ಎಲ್ಲರಿಗೂ ಟೀ ತರಲು ಹೇಳಿದರು.